ರಬ್ಬಿ ಅಂತ ಕರೆಯೋದು ಯಾರು?

2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿಯಾದಾಗ ನಮ್ಮಲ್ಲಿ ಎಷ್ಟೋ ಜನ ರಬ್ಬಿ ಎಂಬ ಪದವನ್ನು ಮೊದಲ ಸಲ ಓದಿರಬೇಕು. ನಾರಿಮನ್ ಹೌಸ್‌ನಲ್ಲಿದ್ದ ರಬ್ಬಿ ಗೇವ್ರಿಯಲ್ ಹೋಲ್ಟ್ಸ್‌ಬರ್ಗ್ ಮತ್ತು ಅವರ ಹೆಂಡತಿ ರಿವ್ಕಾ ಕೊಲೆಯಾದರು. ಅವರ ಎರಡು ವರ್ಷದ ಮಗು ಮೋಶೆಯನ್ನು ದಾದಿ ಎತ್ತಿಕೊಂಡು ಹೊರಗೆ ಬಂದರು. ಆಗ ನಮ್ಮ ಪತ್ರಿಕೆಗಳು, ಟಿವಿಗಳು ಆ ಪದವನ್ನು 'ಯಹೂದಿ ಪುರೋಹಿತ' ಅಂತಲೋ 'ಯಹೂದಿ ಅರ್ಚಕ' ಅಂತಲೋ ಕನ್ನಡಕ್ಕೆ ತಂದವು. ಅವಸರದ ಸುದ್ದಿಯಲ್ಲಿ ಅಷ್ಟು ನಡೆಯುತ್ತೆ ಬಿಡಿ. ಆದರೆ ರಬ್ಬಿ ಪುರೋಹಿತ ಅಲ್ಲವೇ ಅಲ್ಲ. ಯಹೂದಿಗಳಲ್ಲಿ ಪುರೋಹಿತರ ಕುಲ ಬೇರೆಯೇ ಇದೆ.

ಆ ಕುಲದವರಿಗೆ ಕೊಹೆನ್ ಅಂತ ಹೆಸರು. ಬೈಬಲಿನ ಪ್ರವಾದಿ ಮೋಶೆಯ ಅಣ್ಣ ಆರೋನನ ವಂಶದವರು. ಹುಟ್ಟಿನಿಂದ ಬರೋ ಸ್ಥಾನ ಅದು, ತಂದೆಯಿಂದ ಮಗನಿಗೆ. ಜೆರೂಸಲೇಮಿನ ದೇವಾಲಯದಲ್ಲಿ ಬಲಿ ಕೊಡುವ ಹಕ್ಕು ಅವರದ್ದಾಗಿತ್ತು. ರೋಮನ್ನರು ಕ್ರಿ.ಶ. 70ರಲ್ಲಿ ದೇವಾಲಯವನ್ನು ಸುಟ್ಟರು. ಅಲ್ಲಿಗೆ ಕೊಹೆನ್‌ಗಳ ಕೆಲಸ ಹೋಯಿತು, ಕುಲ ಮಾತ್ರ ಉಳಿಯಿತು. ಈಗಲೂ ಸಂಪ್ರದಾಯಸ್ಥ ಕೊಹೆನ್ ಹೆಣದ ಹತ್ತಿರ ಹೋಗುವುದಿಲ್ಲ, ಸ್ಮಶಾನದೊಳಕ್ಕೆ ಕಾಲಿಡುವುದಿಲ್ಲ, ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ತೋರಾ (ಮೋಶೆಯ ಐದು ಗ್ರಂಥಗಳು) ಓದುವಾಗ ಮೊದಲ ಕರೆ ಅವನಿಗೇ.

ರಬ್ಬಿಗೆ ಇದ್ಯಾವುದೂ ಇಲ್ಲ. ಪ್ರಾರ್ಥನೆಗೆ ರಬ್ಬಿ ಬೇಕು ಅಂತಲೂ ಇಲ್ಲ. ಹತ್ತು ಜನ ವಯಸ್ಕರು ಸೇರಿದರೆ ಸಾಕು (ಸಂಪ್ರದಾಯಸ್ಥರಲ್ಲಿ ಗಂಡಸರೇ ಆಗಬೇಕು), ಹೀಬ್ರೂ ಸರಿಯಾಗಿ ಓದಬಲ್ಲ ಯಾರಾದರೂ ಮುಂದೆ ನಿಂತು ನಡೆಸಬಹುದು. ಹಾಗಾದರೆ ರಬ್ಬಿಯ ಕೆಲಸ ಏನು? ಗೊತ್ತಿರೋದು. ಈ ಕೋಳಿಯನ್ನು ತಿನ್ನಬಹುದೋ ಇಲ್ಲವೋ, ಹಾಲಿನ ಪಾತ್ರೆಗೆ ಮಾಂಸದ ಸಾರು ಸಿಡಿದರೆ ಏನು ಗತಿ, ಈ ವಿಚ್ಛೇದನ ಪತ್ರದಲ್ಲಿ ಹೆಸರಿನ ಕಾಗುಣಿತ ತಪ್ಪಿದೆ, ಪತ್ರ ನಡೆಯುತ್ತಾ ಇಲ್ವಾ. ಇಂಥ ಪ್ರಶ್ನೆಗಳಿಗೆ ಶಾಸ್ತ್ರ ನೋಡಿ ಉತ್ತರ ಹೇಳೋನು, ಕಲಿಸೋನು, ಜಗಳ ಬಂದರೆ ತೀರ್ಪು ಕೊಡೋನು. ಯಹೂದಿ ಶಾಸ್ತ್ರದ ಹಳೆಯ ಸಂಗ್ರಹವಾದ ಮಿಶ್ನಾ ಗ್ರಂಥದಲ್ಲಿ ಒಂದು ಮಾತಿದೆ, ಓದಿದಾಗ ನನಗೆ ಆಶ್ಚರ್ಯವಾಗಿತ್ತು. ನಿಷಿದ್ಧ ಸಂಬಂಧದಿಂದ ಹುಟ್ಟಿದವನನ್ನು 'ಮಾಮ್ಜೆರ್' ಅಂತಾರೆ, ಕುಲದ ಪಟ್ಟಿಯಲ್ಲಿ ಬಹಳ ಕೆಳಗೆ, ಸಮುದಾಯದೊಳಗೆ ಸಾಮಾನ್ಯರ ಜೊತೆ ಮದುವೆಯೂ ಇಲ್ಲ. ಅಂಥವನು ಓದಿಕೊಂಡವನಾಗಿದ್ದರೆ, ಓದಿಲ್ಲದ ಮಹಾ ಪುರೋಹಿತನಿಗಿಂತ ಅವನೇ ಮೊದಲು. ಮಾಮ್ಜೆರ್ ಮೇಲಿನ ನಿರ್ಬಂಧವನ್ನು ಅವರು ತೆಗೆಯಲಿಲ್ಲ, ಅದು ಬೇರೆ ಮಾತು. ಆದರೂ ಹುಟ್ಟನ್ನು ಅಷ್ಟು ನಂಬಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಪದ. ಹೀಬ್ರೂವಿನಲ್ಲಿ 'ರಾವ್' ಅಂದರೆ ದೊಡ್ಡವನು, ಒಡೆಯ, ಗುರು. ಕೊನೆಗೆ ಸೇರುವ 'ಇ' ಅಂದರೆ ನನ್ನ. ಸೇರಿಸಿದರೆ ರಬ್ಬಿ, ನನ್ನ ಗುರು. ಅಂದರೆ ಶುರುವಿನಲ್ಲಿ ಇದು ಬಿರುದೇ ಅಲ್ಲ, ಶಿಷ್ಯ ಕೂಗುವ ರೀತಿ. ನಾವು 'ನಮ್ಮ ಮೇಷ್ಟ್ರು' ಅಂತೀವಲ್ಲ, ಹಾಗೆ. ಯಾರೂ ತನ್ನನ್ನು ತಾನೇ 'ನಮ್ಮ ಮೇಷ್ಟ್ರು' ಅಂತ ಹೇಳಿಕೊಳ್ಳೋಕಾಗಲ್ಲ, ಅದನ್ನು ಇನ್ನೊಬ್ಬ ಹೇಳಬೇಕು. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಮೊದಲ ಶಿಷ್ಯರು ಅವನನ್ನು ರಬ್ಬಿ ಅಂತಲೇ ಕರೆಯುತ್ತಾರೆ, ಬರೆದವನು ಅಲ್ಲೇ ನಿಂತು ಅದರ ಅರ್ಥ ಬಿಡಿಸಿ ಹೇಳುತ್ತಾನೆ. ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸುವೇ, ಸಂತೆಬೀದಿಯಲ್ಲಿ ಜನರ ಬಾಯಲ್ಲಿ ರಬ್ಬಿ ಅನ್ನಿಸಿಕೊಳ್ಳೋಕೆ ಹಾತೊರೆಯುವವರನ್ನು ಬೈದು, ನೀವು ಹಾಗೆ ಕರೆಸಿಕೊಳ್ಳಬೇಡಿ ಅಂತ ಶಿಷ್ಯರಿಗೆ ಹೇಳುತ್ತಾನೆ. ಅಂದರೆ ಕೂಗುವ ಪದ ಆಗಲೇ ಮೆರೆಯುವ ಪದ ಆಗತೊಡಗಿತ್ತು.

ಅದಕ್ಕಿಂತ ಸ್ವಲ್ಪ ಹಿಂದಿನವರಾದ ಹಿಲ್ಲೆಲ್ ಮತ್ತು ಶಮ್ಮಾಯ್, ಇಡೀ ಯಹೂದಿ ಶಾಸ್ತ್ರಕ್ಕೆ ಎರಡು ದೊಡ್ಡ ಶಾಲೆ ಕಟ್ಟಿದವರು, ಇಬ್ಬರಿಗೂ ಯಾವ ಬಿರುದೂ ಇಲ್ಲ. ಬರೀ ಹಿಲ್ಲೆಲ್, ಬರೀ ಶಮ್ಮಾಯ್. ಆಮೇಲೆ ಬಂದವರಿಗೆ ಈ ವಿಷಯ ಕಾಡಿರಬೇಕು. ರಾವ್‌ಗಿಂತ ರಬ್ಬಿ ದೊಡ್ಡದು, ರಬ್ಬಿಗಿಂತ ರಬ್ಬಾನ್ ದೊಡ್ಡದು, ರಬ್ಬಾನ್‌ಗಿಂತ ಬರೀ ಹೆಸರು ದೊಡ್ಡದು ಅಂತ ಒಂದು ಹೇಳಿಕೆಯೇ ಹುಟ್ಟಿಕೊಂಡಿತು. ತೊಸೆಫ್ತಾ ಎಂಬ ಹಳೆಯ ಸಂಗ್ರಹದಲ್ಲಿ ಇನ್ನೊಂದು ಲೆಕ್ಕ ಇದೆ: ಯಾರಿಗೆ ಶಿಷ್ಯರಿದ್ದಾರೋ, ಆ ಶಿಷ್ಯರಿಗೂ ಶಿಷ್ಯರಿದ್ದಾರೋ, ಅವನನ್ನು ರಬ್ಬಿ ಅನ್ನಬೇಕು. ನನಗೆ ಇದು ತುಂಬಾ ಹಿಡಿಸಿತು. ಎಷ್ಟು ಓದಿದ್ದೀಯ ಅಂತ ಕೇಳಲ್ಲ, ನಿನ್ನ ಹತ್ತಿರ ಕಲಿತವರು ಬೇರೆಯವರಿಗೆ ಕಲಿಸ್ತಿದ್ದಾರಾ ಅಂತ ಕೇಳ್ತಾರೆ.

ರಬ್ಬಾನ್ ಅನ್ನೋದು ಪಂಡಿತರ ಸಭೆಯ ಮುಖ್ಯಸ್ಥನಿಗೆ ಕೊಡುತ್ತಿದ್ದದ್ದು. ಹಾಗೆ ಕರೆಸಿಕೊಂಡವರಲ್ಲಿ ಯಾವ್ನೆಯ ರಬ್ಬಾನ್ ಗಮ್ಲಿಯೇಲ್ ಒಬ್ಬ. ದೇವಾಲಯ ಬಿದ್ದ ಮೇಲೆ ಯಾವ್ನೆ ಎಂಬ ಊರಿನಲ್ಲಿ ಪಂಡಿತರು ಸೇರಿ ಎಲ್ಲವನ್ನೂ ಮತ್ತೆ ಕಟ್ಟುತ್ತಿದ್ದ ಕಾಲ ಅದು. ತಾಲ್ಮುದ್‌ನಲ್ಲಿ (ಮಿಶ್ನಾದ ಮೇಲೆ ನಡೆದ ಚರ್ಚೆಗಳ ದೊಡ್ಡ ಗ್ರಂಥ) ಇವನ ಬಗ್ಗೆ ಒಂದು ಕಥೆ ಇದೆ. ರಾತ್ರಿಯ ಪ್ರಾರ್ಥನೆ ಕಡ್ಡಾಯವೋ ಇಷ್ಟ ಇದ್ದವರು ಮಾಡೋದೋ ಅಂತ ಒಬ್ಬ ಶಿಷ್ಯ ಕೇಳಿದ. ರಬ್ಬಿ ಯೆಹೋಶುವಾ ಇಷ್ಟ ಅಂದರು, ಗಮ್ಲಿಯೇಲ್ ಕಡ್ಡಾಯ ಅಂದ. ಸಭೆ ತುಂಬಿದ ಮೇಲೆ ಗಮ್ಲಿಯೇಲ್, ಇದಕ್ಕೆ ಯಾರಾದರೂ ಬೇರೆ ಹೇಳ್ತೀರಾ ಅಂತ ಕೇಳಿದ, ಯೆಹೋಶುವಾ ಇಲ್ಲ ಅಂದುಬಿಟ್ಟರು. ಆಗ ಅವರನ್ನು ಎಬ್ಬಿಸಿ ನಿಲ್ಲಿಸಿ, ನೀನು ಹೇಳಿದ್ದಕ್ಕೆ ಸಾಕ್ಷಿ ಇದೆ ಅಂದ. ಪಾಠ ಮುಂದುವರಿಸಿದ. ಅವರು ನಿಂತೇ ಇದ್ದರು. ಗಮ್ಲಿಯೇಲ್ ಕೂತು ಪಾಠ ಹೇಳುತ್ತಲೇ ಇದ್ದ.

ಜನ ಗೊಣಗತೊಡಗಿದರು. ಇವನು ಯೆಹೋಶುವಾರನ್ನು ಅವಮಾನ ಮಾಡ್ತಿರೋದು ಇದೇ ಮೊದಲಲ್ಲ, ಇನ್ನೆಷ್ಟು ದಿನ ಸಹಿಸೋದು ಅಂತ ಅಲ್ಲೇ ಅವನನ್ನು ಪೀಠದಿಂದ ಇಳಿಸಿಬಿಟ್ಟರು! ಅವನ ಜಾಗಕ್ಕೆ ಎಲಾಜಾರ್ ಬೆನ್ ಅಜರ್ಯಾ ಎಂಬ ಹದಿನೆಂಟರ ಹುಡುಗ ಬಂದ. ಗಮ್ಲಿಯೇಲ್ ಬಾಗಿಲಿಗೆ ಕಾವಲು ಹಾಕಿದ್ದ, ಒಳಗೂ ಹೊರಗೂ ಒಂದೇ ಥರ ಇಲ್ಲದ ವಿದ್ಯಾರ್ಥಿಗೆ ಪ್ರವೇಶ ಇಲ್ಲ ಅಂತ. ಅವತ್ತು ಕಾವಲುಗಾರನನ್ನೂ ತೆಗೆದರು. ಅವತ್ತೊಂದೇ ದಿನ 400 ಬೆಂಚು ಜಾಸ್ತಿ ಹಾಕಬೇಕಾಯಿತು ಅಂತ ಒಬ್ಬರು ಹೇಳಿದರೆ, ಇಲ್ಲ 700 ಅಂತ ಇನ್ನೊಬ್ಬರು. ಗಮ್ಲಿಯೇಲ್ ಕೊನೆಗೆ ಕ್ಷಮೆ ಕೇಳೋಕೆ ಯೆಹೋಶುವಾ ಮನೆಗೆ ಹೋದ. ಗೋಡೆಗಳೆಲ್ಲ ಮಸಿ. ಗೋಡೆ ನೋಡಿದರೆ ನೀವು ಇದ್ದಿಲು ಸುಡೋರು ಅಂತ ಗೊತ್ತಾಗುತ್ತೆ ಅಂದ. ಯೆಹೋಶುವಾ ಕೊಟ್ಟ ಉತ್ತರ ಚುರುಕಾಗಿತ್ತು. ನೀನು ನಾಯಕನಾಗಿರೋ ಈ ಕಾಲಕ್ಕೆ ಅಯ್ಯೋ ಅನ್ನಬೇಕು, ಓದೋರು ಹೇಗೆ ದುಡೀತಾರೆ, ಏನು ತಿಂತಾರೆ ಅಂತಲೇ ನಿನಗೆ ಗೊತ್ತಿಲ್ಲ ಅಂದರು.

ಎಷ್ಟು ದೊಡ್ಡ ಬಿರುದು ಇದ್ದರೂ ಇಳಿಸಬಹುದಾದವನು. ಇಳಿಸಿದ್ದನ್ನು ಮುಚ್ಚಿಡದೆ ಗ್ರಂಥದಲ್ಲೇ ಬರೆದಿಟ್ಟರು, ಬರೆದವರೂ ರಬ್ಬಿಗಳೇ. ಇದು ನನಗೆ ಮುಖ್ಯ ಅನ್ನಿಸುತ್ತೆ.

ಆದರೆ ಆ ಹೊತ್ತಿಗೆ ಬಿರುದಿನ ಜೊತೆ ಅಧಿಕಾರವೂ ಸೇರಿತ್ತು. ಅದಕ್ಕೆ ಸೆಮಿಖಾ ಅಂತಾರೆ, ಅಂದರೆ ಕೈ ಇಡುವುದು. ಮೋಶೆ ಸಾಯುವ ಮುಂಚೆ ತನ್ನ ಉತ್ತರಾಧಿಕಾರಿ ಯೆಹೋಶುವನ ತಲೆ ಮೇಲೆ ಕೈ ಇಟ್ಟ ಅಂತ ಬೈಬಲಿನ ಅರಣ್ಯಕಾಂಡದಲ್ಲಿ ಬರುತ್ತದೆ. ಅಲ್ಲಿಂದ ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ, ಸರಪಳಿ ಕಡಿಯದೆ ಬಂದಿದೆ ಅನ್ನೋದು ನಂಬಿಕೆ. ಈ ಸರಪಳಿಯಲ್ಲಿದ್ದವನು ಮಾತ್ರ ದಂಡ ಹಾಕುವಂಥ ತೀರ್ಪು ಕೊಡಬಹುದು. ತಲೆ ಮೇಲೆ ನಿಜವಾಗಿ ಕೈ ಇಡಬೇಕಾ ಅಂತ ತಾಲ್ಮುದ್‌ನಲ್ಲಿ ಯಾರೋ ಕೇಳಿದಾಗ ಬಂದ ಉತ್ತರ ಸೊಗಸಾಗಿದೆ: ಬೇಕಿಲ್ಲ, ರಬ್ಬಿ ಅಂತ ಕರೆದು ತೀರ್ಪು ಕೊಡೋಕೆ ಅನುಮತಿ ಕೊಟ್ಟರೆ ಆಯಿತು. ಮೊದಲು ಶಿಷ್ಯ ಗುರುವನ್ನು ರಬ್ಬಿ ಅಂತ ಕರೀತಿದ್ದ. ಈಗ ಗುರು ಶಿಷ್ಯನನ್ನು ಹಾಗೆ ಕರೀತಾನೆ. ಪದ ತಿರುಗಿ ನಿಂತಿತು.

ಮುಂದಿನ ಜಗಳವೆಲ್ಲ ಇಲ್ಲಿಂದಲೇ ಹುಟ್ಟಿದ್ದು ಅನ್ನೋದು ನನ್ನ ಅನಿಸಿಕೆ. ಯಾರು ಯಾರನ್ನು ರಬ್ಬಿ ಅಂತ ಕರೆಯಬಹುದು?

ರೋಮ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಯಹೂದಿಗಳ ಬಾರ್ ಕೊಖ್ಬಾ ದಂಗೆಯನ್ನು ಹೊಸಕಿ ಹಾಕಿದ ಮೇಲೆ, ಸೆಮಿಖಾ ಕೊಡೋದನ್ನೇ ನಿಷೇಧಿಸಿದರು ಅಂತ ತಾಲ್ಮುದ್ ಹೇಳುತ್ತದೆ. ಕೊಟ್ಟವನಿಗೆ ಸಾವು, ತಗೊಂಡವನಿಗೆ ಸಾವು, ಕೊಟ್ಟ ಊರನ್ನೇ ನೆಲಸಮ ಮಾಡ್ತೀವಿ ಅಂತ. ಯೆಹೂದಾ ಬೆನ್ ಬಾವಾ ಎಂಬ ಮುದುಕ ಏನು ಮಾಡಿದ ಗೊತ್ತಾ? ಊಷಾ ಮತ್ತು ಶೆಫರಾಮ್ ಎಂಬ ಎರಡು ಊರುಗಳ ನಡುವೆ, ಯಾವ ಊರಿಗೂ ಸೇರದ ಜಾಗದಲ್ಲಿ ಎರಡು ಬೆಟ್ಟಗಳ ಮಧ್ಯೆ ಕೂತ. ಊರಿಲ್ಲದಿದ್ದರೆ ಯಾವ ಊರನ್ನು ಕೆಡವುತ್ತಾರೆ! ಅಲ್ಲೇ ಐದು ಶಿಷ್ಯರಿಗೆ ಸೆಮಿಖಾ ಕೊಟ್ಟ, ಆರು ಅಂತಲೂ ಹೇಳುತ್ತಾರೆ. ಸೈನಿಕರು ಬಂದಾಗ, ಓಡಿ ಮಕ್ಕಳೇ, ನಾನು ಮಗುಚಲಾಗದ ಬಂಡೆ ಥರ ಬಿದ್ದಿರ್ತೀನಿ ಅಂದ. ಮುನ್ನೂರು ಈಟಿ ಚುಚ್ಚಿ ಅವನ ಮೈಯನ್ನು ಜರಡಿ ಮಾಡಿದರಂತೆ. ಓಡಿ ಉಳಿದವರಲ್ಲಿ ರಬ್ಬಿ ಮೇಯಿರ್ ಇದ್ದ, ರಬ್ಬಿ ಶಿಮೋನ್ ಇದ್ದ. ಸುಮಾರು ಕ್ರಿ.ಶ. 200ರಲ್ಲಿ ಮಿಶ್ನಾ ಒಟ್ಟುಗೂಡಿದಾಗ ಅದರ ಪುಟಪುಟದಲ್ಲೂ ಇವರದೇ ಮಾತು. ಮಿಶ್ನಾವನ್ನು ಜೋಡಿಸಿದ ಯೆಹೂದಾ ಹನಾಸಿಯನ್ನು ಮಾತ್ರ ಬರೀ 'ರಬ್ಬಿ' ಅಂತಾರೆ, ಮುಂದೆ ಹೆಸರೇ ಬೇಕಿಲ್ಲ.

ಈ ಸೆಮಿಖಾ ಇಸ್ರೇಲ್ ನೆಲದೊಳಗೆ ಮಾತ್ರ ಕೊಡಬಹುದಾಗಿತ್ತು. ಬ್ಯಾಬಿಲೋನಿಯಾದಲ್ಲಿ ಅಷ್ಟೇ ಓದಿದವರಿದ್ದರೂ ಅವರು ರಬ್ಬಿ ಅಲ್ಲ, ಬರೀ ರಾವ್. ತಾಲ್ಮುದ್ ಓದುವವರಿಗೆ ಇದು ಕೈಗೆ ಸಿಕ್ಕ ಬೀಗದ ಕೈ. ಹೆಸರಿನ ಮುಂದೆ ರಬ್ಬಿ ಇದ್ದರೆ ಆ ಕಡೆಯವನು, ರಾವ್ ಇದ್ದರೆ ಈ ಕಡೆಯವನು. ಬ್ಯಾಬಿಲೋನಿಯಾದ ಶ್ಮುಯೇಲ್‌ಗೆ ಅದೂ ಇಲ್ಲ. ಅವನು ವೈದ್ಯ, ನಕ್ಷತ್ರ ನೋಡಿ ಲೆಕ್ಕ ಹಾಕೋನು. ಯೆಹೂದಾ ಹನಾಸಿಗೆ ಕಣ್ಣು ಬೇನೆ ಬಂದಾಗ ವಾಸಿ ಮಾಡಿದ. ಹನಾಸಿಗೆ ಅವನನ್ನು ರಬ್ಬಿ ಮಾಡಬೇಕು ಅಂತ ಆಸೆ, ಆದರೆ ಯಾಕೋ ಆಗಲೇ ಇಲ್ಲ, ಪೇಚಾಡಿಕೊಂಡ. ಶ್ಮುಯೇಲ್ ಅವನನ್ನೇ ಸಮಾಧಾನ ಮಾಡಿದ. ಬೇಜಾರು ಮಾಡ್ಕೋಬೇಡಿ, ನಾನು ಆದಾಮನ ಪುಸ್ತಕ ನೋಡಿದ್ದೀನಿ, ಇವನು ಜಾಣ ಅನ್ನಿಸಿಕೊಳ್ತಾನೆ, ರಬ್ಬಿ ಅನ್ನಿಸಿಕೊಳ್ಳಲ್ಲ ಅಂತ ಅದರಲ್ಲೇ ಬರೆದಿದೆ ಅಂತ! ಬಡ್ತಿ ತಪ್ಪಿದವರು ಇಷ್ಟು ತಣ್ಣಗಿರೋದನ್ನು ನಾನಂತೂ ಎಲ್ಲೂ ನೋಡಿಲ್ಲ.

ಬೇಡ ಅಂತ ಓಡಿದವರೂ ಇದ್ದರು. ರಬ್ಬಿ ಜೇರಾ ಸೆಮಿಖಾದಿಂದ ತಪ್ಪಿಸಿಕೊಂಡು ಅಡಗಿಕೊಳ್ಳುತ್ತಿದ್ದ. ಕೊನೆಗೆ ಒಪ್ಪಿಸಿ ಪದವಿ ಕೊಟ್ಟಾಗ ಉಳಿದವರು ಅವನಿಗೆ ಮದುವಣಗಿತ್ತಿಯ ಹಾಡು ಹಾಡಿದರು: ಕಾಡಿಗೆ ಇಲ್ಲ, ಬಣ್ಣ ಇಲ್ಲ, ಹೆಣೆದ ಜಡೆ ಇಲ್ಲ, ಆದರೂ ಎಷ್ಟು ಚೆಲುವೆ. ಅವನು ಕುಳ್ಳ, ಕಪ್ಪಗೆ ಸುಟ್ಟ ಕಾಲಿನವನು ಅಂತ ತಾಲ್ಮುದ್‌ನಲ್ಲೇ ಬೇರೆ ಕಡೆ ಬರುತ್ತೆ, ಹಾಡಿನ ತಮಾಷೆ ಅಲ್ಲಿರಬಹುದು. ಇನ್ನು ದುಡ್ಡು ಕೊಟ್ಟು ಪದವಿ ಕೊಂಡವರೂ ಇದ್ದರು. ಅಂಥವರು ಬಂದರೆ ಎದ್ದು ನಿಲ್ಲಬೇಡಿ, ರಬ್ಬಿ ಅನ್ನಬೇಡಿ, ಅವರ ಮೈಮೇಲಿನ ನಿಲುವಂಗಿ ಕತ್ತೆ ಮೇಲೆ ಹಾಕೋ ತಡಿ ಇದ್ದ ಹಾಗೆ ಅಂತ ಜೆರೂಸಲೇಮ್ ತಾಲ್ಮುದ್ ಖಾರವಾಗಿ ಹೇಳುತ್ತದೆ.

5ನೇ ಶತಮಾನದಲ್ಲಿ ರೋಮನ್ನರು ಹನಾಸಿಯ, ಅಂದರೆ ಸಭೆಯ ಮುಖ್ಯಸ್ಥನ, ಪೀಠವನ್ನೇ ಮುಚ್ಚಿದರು. ಸೆಮಿಖಾದ ಸರಪಳಿಯೂ ಕಡಿದುಹೋಯಿತು. ಇವತ್ತು ನಾವು ನೋಡುವ ರಬ್ಬಿಗಳಲ್ಲಿ ಯಾರಿಗೂ ಆ ಹಳೆಯ ಸೆಮಿಖಾ ಇಲ್ಲ. ಅವರೂ ಅದನ್ನು ಒಪ್ಪುತ್ತಾರೆ. ಮೋಶೆಯಿಂದ ಬಂದ ಅಧಿಕಾರ ನಿಂತು ಒಂದೂವರೆ ಸಾವಿರ ವರ್ಷ ಆಯಿತು, ಬಿರುದು ಮಾತ್ರ ನಿಲ್ಲಲಿಲ್ಲ.

ಅದನ್ನು ಮತ್ತೆ ಬೆಸೆಯೋಕೆ ಒಂದು ಸಲ ನೋಡಿದರು. 1538, ಗಲಿಲಿಯ ಸಫೇದ್ ಊರು. ಸ್ಪೇನ್ 1492ರಲ್ಲಿ ಯಹೂದಿಗಳನ್ನು ಓಡಿಸಿತ್ತು, ಪೋರ್ಚುಗಲ್ ಬಲವಂತವಾಗಿ ಮತಾಂತರ ಮಾಡಿತ್ತು. ಹಾಗೆ ಕ್ರೈಸ್ತರಾಗಿ ಬದುಕಿ ವಾಪಸ್ ಬಂದವರಿಗೆ ಪಾಪಪ್ರಜ್ಞೆ. ಶಾಸ್ತ್ರದ ಪ್ರಕಾರ ಛಡಿಯೇಟು ತಿಂದರೆ ಆ ಪಾಪ ಕಳೆಯುತ್ತೆ, ಆದರೆ ಛಡಿಯೇಟಿನ ಶಿಕ್ಷೆ ಕೊಡೋ ಅಧಿಕಾರ ಸೆಮಿಖಾ ಇದ್ದವರಿಗೆ ಮಾತ್ರ. ಇಸ್ರೇಲ್ ನೆಲದ ಪಂಡಿತರೆಲ್ಲ ಒಪ್ಪಿದರೆ ಒಬ್ಬನಿಗೆ ಹೊಸದಾಗಿ ಸೆಮಿಖಾ ಕೊಡಬಹುದು ಅಂತ 12ನೇ ಶತಮಾನದ ದೊಡ್ಡ ಪಂಡಿತ ಮೈಮೊನಿಡೀಸ್ ಹಿಂದೆ ಬರೆದಿದ್ದ. ಅದನ್ನು ಹಿಡಿದುಕೊಂಡು ಸಫೇದ್‌ನ 25 ಜನ ಸೇರಿ ಯಾಕೋಬ್ ಬೆರಾಬ್‌ಗೆ ಸೆಮಿಖಾ ಕೊಟ್ಟರು. ಜೆರೂಸಲೇಮಿನ ಲೇವಿ ಇಬ್ನ್ ಹಬೀಬ್, ನಮ್ಮನ್ನು ಕೇಳದೆ ಎಲ್ಲರೂ ಒಪ್ಪಿದ್ದು ಹೇಗಾಯಿತು ಅಂದ. ಮಾತು ಬೆಳೀತು. ಹಬೀಬ್‌ನನ್ನೂ ಪೋರ್ಚುಗಲ್‌ನಲ್ಲಿ ಎಳವೆಯಲ್ಲಿ ಬಲವಂತವಾಗಿ ಕ್ರೈಸ್ತನನ್ನಾಗಿ ಮಾಡಿದ್ದರು, ಬೆರಾಬ್ ಅದನ್ನೂ ಎತ್ತಿ ಚುಚ್ಚಿದ. ಅಂಥವರ ಪಾಪ ಕಳೆಯೋಕೆ ಶುರು ಮಾಡಿದ ಕೆಲಸದಲ್ಲಿ ಅಂಥವನನ್ನೇ ಹಂಗಿಸಿದ್ದು, ನೋಡಿ. ಬೆರಾಬ್ ನಾಲ್ಕು ಜನರಿಗೆ ಸೆಮಿಖಾ ಕೊಟ್ಟ. ಅದರಲ್ಲಿ ಒಬ್ಬ ಯೋಸೆಫ್ ಕಾರೋ, ಮುಂದೆ ಶುಲ್ಖಾನ್ ಆರುಖ್ ಎಂಬ ಶಾಸ್ತ್ರಗ್ರಂಥ ಬರೆದವನು. ಒಂದೆರಡು ತಲೆಮಾರು ನಡೆದು ಆ ಸರಪಳಿ ತಾನಾಗೇ ಸವೆದುಹೋಯಿತು.

ಸಂಬಳದ ಕಥೆ ಬೇರೆ ಇದೆ, ಅದರಲ್ಲಿ ನಮ್ಮ ಕಡೆಯ ಸಮುದ್ರವೂ ಬರುತ್ತದೆ. ತೋರಾವನ್ನು ತಲೆ ಮೇಲೆ ಹೊತ್ತು ಮೆರೆಯೋ ಕಿರೀಟ ಮಾಡಬೇಡ, ನೆಲ ಅಗೆಯೋ ಸಲಿಕೆಯನ್ನೂ ಮಾಡಬೇಡ ಅಂತ ಮಿಶ್ನಾದ ಮಾತು. ಅಂದರೆ ಕಲಿತದ್ದರಿಂದ ಹೊಟ್ಟೆ ಹೊರೆಯಬೇಡ. ಹಾಗಾಗಿ ಹಳೆಯ ರಬ್ಬಿಗಳ ಹೆಸರಿನಲ್ಲೇ ಕಸುಬು ಕಾಣುತ್ತೆ: ಯೊಹಾನಾನ್ ಹಸಾಂದ್ಲರ್ ಚಪ್ಪಲಿ ಹೊಲಿಯೋನು, ಯಿತ್ಸ್‌ಹಾಕ್ ನಪ್ಪಾಹಾ ಕಮ್ಮಾರ. ಮೈಮೊನಿಡೀಸ್ 1168ರಲ್ಲಿ ಮಿಶ್ನಾಕ್ಕೆ ಟೀಕೆ ಬರೆದು ಮುಗಿಸಿದಾಗ ಈ ಸಲಿಕೆಯ ಮಾತನ್ನು ಹಿಡಿದು, ಓದನ್ನು ತೋರಿಸಿ ದುಡ್ಡು ಎತ್ತುವವರನ್ನು ಚೆನ್ನಾಗಿ ಜಾಡಿಸಿದ. ಆಗ ಅವನ ಮನೆ ನಡೀತಿದ್ದದ್ದು ತಮ್ಮ ದಾವಿದ್‌ನ ದುಡಿಮೆಯಿಂದ, ಅನ್ನೋದನ್ನೂ ಹೇಳಬೇಕು. ದಾವಿದ್ ರತ್ನದ ವ್ಯಾಪಾರಿ. ಭಾರತದ ಕಡೆ ಹೊರಟವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಮೈಮೊನಿಡೀಸ್ ಒಂದು ವರ್ಷ ಹಾಸಿಗೆ ಹಿಡಿದ. ಆಮೇಲೆ ಬದುಕಿನ ಕೊನೆವರೆಗೂ ಕೈರೋದಲ್ಲಿ ವೈದ್ಯನಾಗಿ ದುಡಿದ. ತಾನು ಬರೆದ ಮಾತಿಗೆ ತಪ್ಪಲಿಲ್ಲ.

ಆ ಕಾಲದ ಇಂಥದೇ ಇನ್ನೊಬ್ಬ ನಮ್ಮ ಮಂಗಳೂರಿನಲ್ಲೇ ಇದ್ದ. ಅಬ್ರಹಾಂ ಬೆನ್ ಯಿಜು, ಟ್ಯುನೀಷಿಯಾ ಕಡೆಯವನು, 1132ರ ಹೊತ್ತಿಗಾಗಲೇ ಮಂಗಳೂರಿನಲ್ಲಿ ನೆಲೆಸಿದ್ದ. ಕಂಚಿನ ಸಾಮಾನು ಮಾಡಿಸುವ ಕಾರ್ಖಾನೆ, ಮೆಣಸು ಅಡಿಕೆ ವ್ಯಾಪಾರ. ಬೊಮ್ಮ ಅಂತ ಅವನ ಕೈಕೆಳಗೆ ಒಬ್ಬ ಆಳು, ಅಶು ಎಂಬ ಇಲ್ಲಿನ ಹೆಂಗಸಿನ ಜೊತೆ ಸಂಸಾರ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್‌ನ (ಯಹೂದಿ ಪ್ರಾರ್ಥನಾಮಂದಿರದ) ಗೆನಿಜಾದಲ್ಲಿ, ಅಂದರೆ ಹಳೆಯ ಕಾಗದ ಹಾಕಿಡುವ ಕೋಣೆಯಲ್ಲಿ, ಸಿಕ್ಕಿವೆ. ಅವನು ಬರೀ ವ್ಯಾಪಾರಿ ಅಲ್ಲ, ಶಾಸ್ತ್ರ ಓದಿದವನು, ಹೀಬ್ರೂ ಪದ್ಯ ಬರೀತಿದ್ದವನು, ಧರ್ಮದ ಪ್ರಶ್ನೆಗಳಿಗೆ ಉತ್ತರ ಬರೆದವನು. ಅವನನ್ನು ಊರಿನ ರಬ್ಬಿಯನ್ನಾಗಿ ಯಾರೂ ನೇಮಿಸಿರಲಿಲ್ಲ, ಸಂಬಳ ಕೊಟ್ಟು ಕೂರಿಸುವ ರಬ್ಬಿ ಕೆಲಸವೇ ಆಗ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು ಕಷ್ಟದಿಂದ. 1391ರಲ್ಲಿ ಮಯೋರ್ಕಾದಲ್ಲಿ ಗಲಭೆಯಾದಾಗ ಶಿಮೋನ್ ದುರಾನ್ ಎಂಬ ವೈದ್ಯ ಅಲ್ಜೀರ್ಸ್‌ಗೆ ಓಡಿಬಂದ. ಅಲ್ಲಿ ವೈದ್ಯನಾಗಿ ಹೊಟ್ಟೆ ತುಂಬಲಿಲ್ಲ. ಸಮುದಾಯದಿಂದ ಸಂಬಳ ತಗೊಂಡು ರಬ್ಬಿಯಾದ. ಮೈಮೊನಿಡೀಸ್ ಹಾಗೆ ಬರೆದಿರುವಾಗ ಇದು ಸರಿಯಾ? ಕೊಡೋದು ಕಲಿಸಿದ್ದಕ್ಕಲ್ಲ, ಬೇರೆ ಕೆಲಸ ಬಿಟ್ಟು ಕೂತದ್ದಕ್ಕೆ ಪರಿಹಾರ ಅಂತ ದಾರಿ ಹುಡುಕಿದರು. ಇವತ್ತಿಗೂ ಲೆಕ್ಕದಲ್ಲಿ ರಬ್ಬಿಯ ಸಂಬಳ ಇದೇ. ಆಚಾರ ಉಳಿಸಿಕೊಂಡೇ ಬದುಕೋ ದಾರಿ ಹುಡುಕೋದ್ರಲ್ಲಿ ಇವರನ್ನು ಮೀರಿಸೋರಿಲ್ಲ. ನಾನು ಇದನ್ನು ಹೊಗಳಿಕೆಯಾಗೇ ಹೇಳ್ತಿದ್ದೀನಿ.

ಕೆಲಸ ಅಂತ ಆದ ಮೇಲೆ ಸರ್ಟಿಫಿಕೇಟೂ ಬಂತು. ಹಳೆಯ ಸೆಮಿಖಾದ ಹೆಸರನ್ನೇ ಇಟ್ಟುಕೊಂಡು 14ನೇ ಶತಮಾನದ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ ಕಡೆ ಗುರು ಶಿಷ್ಯನಿಗೆ ಬರೆದುಕೊಡುವ ಪತ್ರ ಶುರುವಾಯಿತು. ಈಗ ಅದರಲ್ಲಿ ಎರಡು ಹಂತ. ಇದು ಮಾಡಬಹುದು, ಇದು ಕೂಡದು ಅಂತ ಹೇಳುವ ಅನುಮತಿಗೆ 'ಯೋರೆ ಯೋರೆ'. ವ್ಯಾಜ್ಯ ತೀರಿಸುವ ಅನುಮತಿಗೆ 'ಯಾದಿನ್ ಯಾದಿನ್'. ಎರಡನೆಯದು ಕಷ್ಟ. ಎಲ್ಲ ಊರಿನಲ್ಲೂ ಪದ ಒಂದೇ ಇರಲಿಲ್ಲ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ಹಾಖಾಮ್, ಅಂದರೆ ಜಾಣ. ಯೆಮನ್‌ನಲ್ಲಿ ಮೋರಿ. ಯಿದ್ದಿಶ್ ಆಡುವ ಪೂರ್ವ ಯುರೋಪಿನಲ್ಲಿ 'ರೆಬ್' ಅನ್ನೋದು ಸವೆದು ಸವೆದು ಶ್ರೀಯುತ ಆಗಿಬಿಟ್ಟಿತು, ಹಾಲು ಮಾರುವವನೂ ರೆಬ್ಬೇ. 18ನೇ ಶತಮಾನದಲ್ಲಿ ಹಸಿದಿ ಎಂಬ ಭಕ್ತಿಪಂಥದವರು ಬಂದ ಮೇಲೆ 'ರೆಬ್ಬೆ' ಅನ್ನೋದಕ್ಕೆ ಬೇರೆ ತೂಕ. ಭಕ್ತರ ಗುರು ಅವನು, ಅವನ ಊಟದ ತಟ್ಟೆಯಲ್ಲಿ ಉಳಿದ ತುತ್ತನ್ನು ಪ್ರಸಾದದ ಥರ ಹಂಚಿಕೊಳ್ಳುತ್ತಾರೆ. ಬಹಳ ಕಡೆ ಅಪ್ಪನ ನಂತರ ಮಗ ರೆಬ್ಬೆ. ಹುಟ್ಟಿನಿಂದ ಬರೋ ಸ್ಥಾನವನ್ನು ಓದಿನಿಂದ ಸೋಲಿಸಿದ್ದ ಪದ ಮತ್ತೆ ಹುಟ್ಟಿನ ಮನೆಗೇ ಬಂತು ಅಲ್ವಾ. ಇನ್ನೊಂದು ಕಡೆ ಅದೇ ಕಾಲದ ವಿಲ್ನಾ ಊರಿನ ಎಲಿಯಾಹು, ಹಸಿದಿಗಳ ಕಡು ವಿರೋಧಿ, ಎಲ್ಲರಿಗಿಂತ ದೊಡ್ಡ ಪಂಡಿತ ಅನ್ನಿಸಿಕೊಂಡವನು, ಜೀವಮಾನದಲ್ಲಿ ಯಾವ ಊರಿನ ರಬ್ಬಿ ಹುದ್ದೆಯನ್ನೂ ಮುಟ್ಟಲಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಪದದ ಜಗಳ ಬೆತ್ತಲಾಗಿ ಕಾಣುತ್ತೆ. ರೆಬ್ಬೆತ್ಸಿನ್, ರಬ್ಬಾನಿತ್ ಅಂದರೆ ರಬ್ಬಿಯ ಹೆಂಡತಿ. ಆ ಪದ ಇತ್ತು. ಓದಿದ ಹೆಂಗಸಿಗೆ ಪದ ಇರಲಿಲ್ಲ. ಬರ್ಲಿನ್‌ನ ರೆಗೀನಾ ಯೋನಾಸ್, ಹೆಂಗಸು ರಬ್ಬಿಯಾಗಬಹುದೇ ಎಂಬ ಪ್ರಶ್ನೆಯ ಮೇಲೇ ಪ್ರಬಂಧ ಬರೆದು ಶಾಸ್ತ್ರದ ಆಧಾರದಿಂದಲೇ ಆಗಬಹುದು ಅಂತ ವಾದಿಸಿದಳು. 1935ರಲ್ಲಿ ರಬ್ಬಿ ಮಾಕ್ಸ್ ದೀನೆಮಾನ್ ಪರೀಕ್ಷೆ ಮಾಡಿ ಸೆಮಿಖಾ ಕೊಟ್ಟರು. ಜನ ಅವಳನ್ನು 'ಫ್ರಾಯ್ಲೈನ್ ರಬ್ಬೀನರ್' ಅಂತ ಕರೆದರು, ಕುಮಾರಿ ರಬ್ಬಿ. ನಾಜಿಗಳ ಕಾಲ. 1942ರಲ್ಲಿ ಟೆರೆಜಿನ್ ಶಿಬಿರಕ್ಕೆ ಹಾಕಿದರು, ಅಲ್ಲೂ ಪಾಠ ಹೇಳಿದಳು, 1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಂದರು. ಆಮೇಲೆ ಅವಳ ಹೆಸರನ್ನು ಜನ ಮರೆತರು. 1972ರಲ್ಲಿ ಅಮೆರಿಕದ ರಿಫಾರ್ಮ್ ಪಂಥ ಸ್ಯಾಲಿ ಪ್ರೀಸ್ಯಾಂಡ್‌ಗೆ ಸೆಮಿಖಾ ಕೊಟ್ಟಾಗ ಜಗತ್ತಿನ ಮೊದಲ ಮಹಿಳಾ ರಬ್ಬಿ ಅಂತ ಸುದ್ದಿಯಾಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, ಪೂರ್ವ ಜರ್ಮನಿಯ ದಾಖಲೆ ಕೋಣೆಯಲ್ಲಿ ಯೋನಾಸಳ ಕಾಗದಗಳು ಸಿಕ್ಕವು.

ಆರ್ಥೊಡಾಕ್ಸ್ ಪಂಥದಲ್ಲಿ ಇದು ಇನ್ನೂ ಬಿಸಿ. ನ್ಯೂಯಾರ್ಕಿನ ರಬ್ಬಿ ಆವಿ ವೈಸ್ 2009ರಲ್ಲಿ ಸಾರಾ ಹರ್ವಿಟ್ಜ್‌ಗೆ ಗಂಡಸರಿಗೆ ಮಾಡುವ ಪರೀಕ್ಷೆಯನ್ನೇ ಮಾಡಿ, 'ಮಹಾರಾತ್' ಎಂಬ ಹೊಸ ಬಿರುದು ಕೊಟ್ಟರು. ನಾಲ್ಕು ಹೀಬ್ರೂ ಪದಗಳ ಮೊದಲಕ್ಷರ ಸೇರಿಸಿ ಹುಟ್ಟಿಸಿದ ಪದ ಅದು. ಹೆಚ್ಚು ಗಲಾಟೆ ಆಗಲಿಲ್ಲ. ಮುಂದಿನ ವರ್ಷ ಅದನ್ನು 'ರಬ್ಬಾ' ಅಂತ ಬದಲಿಸಿದರು. ಆಗ ಎದ್ದಿತು ನೋಡಿ ಕೋಲಾಹಲ. ಹೆಂಗಸು ಅದೇ, ಓದು ಅದೇ, ಕೆಲಸ ಅದೇ. ಆರ್ಥೊಡಾಕ್ಸ್ ರಬ್ಬಿಗಳ ಸಂಘದವರು ಪಟ್ಟು ಹಿಡಿದ ಮೇಲೆ ವೈಸ್ ಇನ್ನು ಯಾರಿಗೂ ರಬ್ಬಾ ಅನ್ನೋ ಬಿರುದು ಕೊಡಲ್ಲ ಅಂದರು. ಓದಲಿ, ಕಲಿಸಲಿ, ಆದರೆ ಆ ಬಿರುದು ಮಾತ್ರ ಬೇಡ ಅನ್ನೋರ ವಾದ ನನಗೆ ಒಪ್ಪಿಗೆಯಾಗಲ್ಲ. ಶಿಷ್ಯರು ಕರೆದರೆ ರಬ್ಬಿ ಅನ್ನೋದು ಅವರದೇ ಹಳೆಯ ಲೆಕ್ಕ.

ಇಷ್ಟೆಲ್ಲ ಬರೆದು ನಮ್ಮ ದೇಶದ ಯಹೂದಿಗಳ ಮಾತು ಬಿಟ್ಟರೆ ಆಗಲ್ಲ. ಕೊಂಕಣ ತೀರದ ಬೆನೆ ಇಸ್ರೇಲ್ ಜನ ಗಾಣದ ಕೆಲಸದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರ್ ತೇಲಿ ಅಂತಿದ್ದರು. ಸುನ್ನತಿ ಇತ್ತು, ಆಹಾರದ ನಿಯಮ ಇತ್ತು, ಶೆಮಾ ಪ್ರಾರ್ಥನೆ ಬಾಯ್ಪಾಠ ಇತ್ತು. ರಬ್ಬಿ ಮಾತ್ರ ಇರಲಿಲ್ಲ, ನೂರಾರು ವರ್ಷ. ಮದುವೆ ಮಾಡಿಸೋರು, ಜಗಳ ಬಿಡಿಸೋರು ಊರೂರು ತಿರುಗುವ ಕೆಲವು ಮನೆತನದವರು, ಅವರನ್ನು ಕರೀತಿದ್ದದ್ದು ಕಾಜಿ ಅಂತ. ಅಕ್ಕಪಕ್ಕದ ಮುಸ್ಲಿಮರಿಂದ ಬಂದ ಪದ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ, ಸಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೈನ್ಯಾಧಿಕಾರಿ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸಿಕ್ಕಿಬಿದ್ದು, ಜೀವಸಹಿತ ಬಿಡುಗಡೆಯಾಗಿ ಬಂದ ಹರಕೆಗೆ ಕಟ್ಟಿಸಿದ ಅಂತ ಅವರಲ್ಲಿ ಕಥೆ ಇದೆ. ಟಿಪ್ಪುವಿನ ತಾಯಿ, ಇವರು ಬೆನೆ ಇಸ್ರೇಲ್ ಅಂತ ತಿಳಿದು ಉಳಿಸಿದಳಂತೆ.

ಇವರಲ್ಲಿ ಬಹಳ ಜನ 1948ರ ನಂತರ ಇಸ್ರೇಲ್‌ಗೆ ಹೋದರು. ಅಲ್ಲಿ ಮದುವೆ ನಡೆಯೋದು ಮುಖ್ಯ ರಬ್ಬಿಗಳ ಕಚೇರಿಯ ಕೈಯಲ್ಲಿ. ಬ್ರಿಟಿಷರು ಇದ್ದಾಗ, 1921ರಲ್ಲಿ, ಹುಟ್ಟಿದ ಕಚೇರಿ ಅದು. 1962ರಲ್ಲಿ ಆ ಕಚೇರಿ ಒಂದು ಸುತ್ತೋಲೆ ಹೊರಡಿಸಿತು. ಬೆನೆ ಇಸ್ರೇಲ್ ಹುಡುಗ ಹುಡುಗಿ ಬೇರೆ ಯಹೂದಿಗಳನ್ನು ಮದುವೆಯಾಗೋಕೆ ಬಂದರೆ ಅವರ ಅಜ್ಜಿ, ಮುತ್ತಜ್ಜಿವರೆಗೆ, ಆದಷ್ಟು ಹಿಂದಕ್ಕೆ ಕುಲ ವಿಚಾರಿಸಿ ಅಂತ. ಕಾರಣ? ಹಿಂದಿನ ಕಾಲದಲ್ಲಿ ಇವರ ವಿಚ್ಛೇದನಗಳನ್ನು ಶಾಸ್ತ್ರ ಬಲ್ಲ ರಬ್ಬಿಗಳು ಮಾಡಿಸಿರಲಿಲ್ಲ. ವಿಚ್ಛೇದನ ಸರಿಯಾಗದೆ ಮರುಮದುವೆ ಆಗಿದ್ದರೆ ಹುಟ್ಟಿದವರು ಮಾಮ್ಜೆರ್ ಇರಬಹುದು. ರಬ್ಬಿ ಇಲ್ಲದೆ ಯಹೂದಿಗಳಾಗಿ ಉಳಿದದ್ದೇ ಇವರ ಮೇಲಿನ ಅನುಮಾನಕ್ಕೆ ಕಾರಣವಾಯಿತು.

ಶಾಸ್ತ್ರದ ಒಳಗೆ ನಿಂತು ನೋಡಿದರೆ ಆ ಪ್ರಶ್ನೆಗೆ ತರ್ಕ ಇದೆ, ಅದನ್ನು ಒಪ್ಪಲೇಬೇಕು. ಆದರೆ ಸುತ್ತೋಲೆಯಲ್ಲಿ ಒಂದೇ ಸಮುದಾಯದ ಹೆಸರು ಹಾಕಿದ್ದು ತರ್ಕ ಅಲ್ಲ. ಯುರೋಪಿನಿಂದ ಬಂದವರ ಮುತ್ತಜ್ಜಿಯನ್ನು ಆ ಥರ ಹೆಸರು ಹಿಡಿದು ಯಾರೂ ಕೇಳಲಿಲ್ಲ. ಬೆನೆ ಇಸ್ರೇಲ್ ಜನ ಸುಮ್ನೆ ಕೂರಲಿಲ್ಲ. 1964ರ ಬೇಸಿಗೆಯಲ್ಲಿ ಜೆರೂಸಲೇಮಿಗೆ ಬಂದು ಧರಣಿ ಕೂತರು. ಆಗಸ್ಟ್‌ನಲ್ಲಿ ಸಂಸತ್ತು, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ, ಬೇರೆಯವರಿಗಿರುವ ಹಕ್ಕೆಲ್ಲ ಇವರಿಗೂ ಇದೆ ಅಂತ ನಿರ್ಣಯ ಮಾಡಿತು. ಅದಾದ ಮೇಲೆ ರಬ್ಬಿಗಳ ಕಚೇರಿಯವರು ಸುತ್ತೋಲೆಯನ್ನು ತಿದ್ದಿದರು. ಬೆನೆ ಇಸ್ರೇಲ್ ಎಂಬ ಹೆಸರನ್ನು ತೆಗೆದು, ಯಾರ ಕುಲದ ಬಗ್ಗೆ ಅನುಮಾನ ಬಂದರೂ ವಿಚಾರಿಸಬಹುದು ಅಂತ ಎಲ್ಲರಿಗೂ ಅನ್ವಯಿಸುವ ಹಾಗೆ ಬರೆದರು.